ಹೆಸರು ಬರೆಯದ ದೇಶದಲ್ಲಿ ಮೂರೂವರೆ ವರ್ಷ

ನಾನು ಮೂರೂವರೆ ವರ್ಷ ವರದಿಗಾರ್ತಿಯಾಗಿದ್ದ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದೇ ಪಕ್ಷ ಆಳುವ, ಪತ್ರಿಕೆಗಳೆಲ್ಲ ಸರ್ಕಾರದ ಕೈಯಲ್ಲಿರುವ ದೇಶ ಅದು ಎಂದರೆ ಸಾಕು. ಅಲ್ಲಿ ನನಗಾಗಿ ಭಾಷಾಂತರ ಮಾಡುತ್ತಿದ್ದ, ಯಾರ ಮನೆಗೆ ಯಾವ ಹೊತ್ತಿನಲ್ಲಿ ಹೋಗಬಾರದೆಂದು ಹೇಳಿಕೊಡುತ್ತಿದ್ದ ಸಹಾಯಕಿ ಇನ್ನೂ ಅಲ್ಲಿಯೇ ಇದ್ದಾಳೆ. ನಾನು ಶಿರಸಿಯ ಮನೆಯ ಜಗಲಿಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ.

ವಿದೇಶಿ ವರದಿಗಾರ್ತಿಯರ ಧೈರ್ಯದ ಕಥೆಗಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಅಮೆರಿಕದ ವರದಿಗಾರ್ತಿ ಡೊರೊಥಿ ಥಾಂಪ್ಸನ್ 1931ರಲ್ಲಿ ಹಿಟ್ಲರನನ್ನು ಸಂದರ್ಶಿಸಿ, ಅವನು ಲೆಕ್ಕಕ್ಕೇ ಬಾರದ ಮನುಷ್ಯ ಎಂಬಂತೆ ಬರೆದರು. ಆ ಅಂದಾಜು ತಪ್ಪಿತ್ತು, ಆದರೆ ಅವಮಾನವನ್ನು ಅವನು ಮರೆಯಲಿಲ್ಲ: 1934ರ ಆಗಸ್ಟಿನಲ್ಲಿ 24 ಗಂಟೆಯೊಳಗೆ ಜರ್ಮನಿ ಬಿಡಬೇಕೆಂಬ ಆಜ್ಞೆ ಅವರ ಕೈಸೇರಿತು. ಥಾಂಪ್ಸನ್ ಆ ಕಾಗದಕ್ಕೆ ಚೌಕಟ್ಟು ಹಾಕಿಸಿ ಇಟ್ಟುಕೊಂಡರು. ನಮ್ಮವರೇ ಆದ, ದಿ ಹಿಂದೂ ಪತ್ರಿಕೆಯ ಮೀನಾ ಮೆನನ್ ಅವರನ್ನು 2014ರ ಮೇ ತಿಂಗಳಿನಲ್ಲಿ ಒಂದು ವಾರದ ಗಡುವು ಕೊಟ್ಟು ಪಾಕಿಸ್ತಾನ ಹೊರಗೆ ಕಳಿಸಿತು. ಹೊರಗಿನವರಿಗೆ ಸಾಮಾನ್ಯವಾಗಿ ಇಷ್ಟು. ಅದೇ ಊರಿನ ಪ್ರಜೆಗೆ ಹೋಗುವುದಕ್ಕೆ ಬೇರೆ ಊರಿಲ್ಲ. ಚೀನಾದ ನಿಯಮದಂತೆ ಅಲ್ಲಿನ ಪ್ರಜೆಗಳು ವಿದೇಶಿ ಪತ್ರಿಕೆಗಳಿಗೆ ವರದಿಗಾರರಾಗುವಂತಿಲ್ಲ, ಸಹಾಯಕರಾಗಬಹುದು ಅಷ್ಟೆ. ನ್ಯೂಯಾರ್ಕ್ ಟೈಮ್ಸ್‌ಗೆ ನೆರವಾಗುತ್ತಿದ್ದ ಝಾವೊ ಯಾನ್ 2004ರಿಂದ 2007ರವರೆಗೆ ಸೆರೆಯಲ್ಲಿದ್ದರು. ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ಹೇಜ್ ಫ್ಯಾನ್ ಅವರನ್ನು 2020ರ ಡಿಸೆಂಬರಿನಲ್ಲಿ ಹಿಡಿದವರು ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಡಲಿಲ್ಲ.

ಈ ಕೆಲಸದ ಮೊದಲ ಪಾಠ ನನಗೆ ಆದದ್ದು ಕಾರವಾರದಲ್ಲಿ. 1994ರ ಮೇ 13ರಂದು, ಕಟ್ಟಡದ ಕೆಲಸ ಇನ್ನೂ ನಡೆಯುತ್ತಿರುವಾಗಲೇ, ಕೈಗಾ ಅಣುಸ್ಥಾವರದ ಮೊದಲ ಘಟಕದ ಗುಮ್ಮಟದ ಒಳಭಾಗ ಕುಸಿಯಿತು. ನಾನಾಗ ಪತ್ರಿಕೆಗೆ ಹೊಸಬಳು, ಅಣುಸ್ಥಾವರವೆಂದರೆ ಬೇಕಾದವರು ಒಳಗೆ ಹೋಗಿ ನೋಡಿ ಬರುವ ಜಾಗವಲ್ಲ. ನಮ್ಮ ಹಿರಿಯ ವರದಿಗಾರರು ನನ್ನನ್ನು ಬಸ್ ನಿಲ್ದಾಣದಲ್ಲಿ ಕೂಡಿಸಿ, ಮಲ್ಲಾಪುರ, ಕದ್ರಾ ಕಡೆಯ ಬಸ್ಸುಗಳಿಂದ ಗಂಟುಮೂಟೆ ಸಮೇತ ಇಳಿಯುವ ಕೂಲಿಯವರು ಎಷ್ಟು, ಹೋಗುವವರು ಎಷ್ಟು ಎಂದು ಎಣಿಸಲು ಹೇಳಿದರು. "ಹೇಳುವವರು ಯಾರೂ ಸಿಗದಿದ್ದರೆ ಎಣಿಸು ತಂಗಿ, ಎಣಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ" ಎಂದರು. ಆ ಎರಡು ದಿನ ನನಗೆ ಬೇಸರವೇ ಬಂದಿತ್ತು.

ವಿದೇಶದಲ್ಲಿ ನಾನು ಮಾಡಿದ್ದೂ ಬಹುಪಾಲು ಅದನ್ನೇ. ಔಷಧಿಗೆ ಕೊರತೆಯೇ ಇಲ್ಲವೆಂದು ಅಲ್ಲಿನ ಸರ್ಕಾರ ಹೇಳುತ್ತಿದ್ದಾಗ, ವಾರಕ್ಕೆ ಮೂರು ದಿನ ಬೆಳಿಗ್ಗೆ ಅಂಗಡಿಗಳ ಮುಂದಿನ ಸಾಲನ್ನು ಎಣಿಸಿದೆ. ಕ್ಯಾಮೆರಾ ಹಿಡಿದ ಗಂಡಸಿನಿಂದ ಸಾಲಿನ ಹೆಂಗಸರು ಮುಖ ತಿರುಗಿಸುತ್ತಿದ್ದರು. ಕೈಚೀಲ ಹಿಡಿದು ಸಾಲಿನಲ್ಲಿ ನಿಂತ ನನ್ನೊಡನೆ ಮಕ್ಕಳ ಕೆಮ್ಮಿನಿಂದ ಹಿಡಿದು ಅತ್ತೆಯ ಇನ್ಸುಲಿನ್‌ವರೆಗೆ ಎಲ್ಲವನ್ನೂ ಮಾತಾಡುತ್ತಿದ್ದರು. ಹೆಣ್ಣಾಗಿದ್ದುದರಿಂದ ಸಿಕ್ಕ ಅನುಕೂಲ ಇದು. ಅನನುಕೂಲವೂ ಕಡಿಮೆಯೇನಿರಲಿಲ್ಲ: ನಡುರಾತ್ರಿ ಫೋನು ಬಾರಿಸಿ ಮಾತಾಡದೆ ಸುಮ್ಮನಿರುವವರು, ಗಂಡ ಯಾಕೆ ಜೊತೆಯಲ್ಲಿಲ್ಲ ಎಂದು ವೀಸಾ ನವೀಕರಣದ ಮೇಜಿನಲ್ಲಿ ಪ್ರತಿ ಸಲ ಕೇಳುವವರು, ಇವೆಲ್ಲ ಅಭ್ಯಾಸವಾಗಿ ಹೋದವು.

ಟಿಪ್ಪಣಿಗಳನ್ನು ಕನ್ನಡದಲ್ಲಿಯೇ ಬರೆಯುತ್ತಿದ್ದೆ. ಇದರಿಂದ ದೊಡ್ಡ ರಕ್ಷಣೆ ಸಿಕ್ಕಿತೆಂದು ಹೇಳಲಾರೆ, ಕನ್ನಡ ಓದಬಲ್ಲ ಒಬ್ಬನನ್ನು ಹುಡುಕುವುದು ಒಂದು ಸರ್ಕಾರಕ್ಕೆ ಎಷ್ಟರ ಕೆಲಸ? ಊರಿಗೆ ಮಾಡುವ ಫೋನಿನಲ್ಲಿಯೂ ಅಡಿಕೆಯ ಕೊಳೆರೋಗದ ಹೆಸರಿನಲ್ಲಿ ಒಂದು ಗುಟ್ಟಿನ ಮಾತು ಇಟ್ಟುಕೊಂಡಿದ್ದೆ. ನನ್ನ ಬೆನ್ನಿಗೆ ಜನ ಬಿದ್ದಿದ್ದರೆ "ತೋಟಕ್ಕೆ ಕೊಳೆ ಬಂತಾ ಆಯಿ?" ಎಂದು ಕೇಳಬೇಕು, ಆಯಿ ಅದನ್ನು ಬೆಂಗಳೂರಿನ ತಮ್ಮನಿಗೆ ತಿಳಿಸಬೇಕು, ಅವನು ನನ್ನ ಸಂಪಾದಕರಿಗೆ ಹೇಳಬೇಕು. ನಿಜವಾಗಿ ಕೇಳಬೇಕಾಗಿ ಬಂದ ದಿನ ಆಯಿ, "ಮದ್ದು ಹೊಡ್ದು ಹದಿನೈದ್ ದಿನ ಆಜಿಲ್ಲೆ, ಕೊಳೆ ಹೆಂಗೆ ಬಪ್ಪದು?" ಎಂದು ನನ್ನನ್ನೇ ಗದರಿಸಿ, ಬೋರ್ಡೋ ದ್ರಾವಣಕ್ಕೆ ಸುಣ್ಣ ಎಷ್ಟು, ಮೈಲುತುತ್ತ ಎಷ್ಟು ಎಂದು ಹೇಳತೊಡಗಿದಳು. ಕದ್ದು ಕೇಳುತ್ತಿದ್ದವರು ಅದನ್ನೂ ಬರೆದುಕೊಂಡಿರಬೇಕು.

ಹೊರಹಾಕಿಸಿಕೊಂಡವರಿಗಿಂತ, ಉಳಿದು ಕೆಲಸ ಮಾಡಿದವರಿಂದ ನಾನು ಹೆಚ್ಚು ಕಲಿತೆ. ಷಿಕಾಗೊ ಟ್ರಿಬ್ಯೂನ್‌ನ ಬರ್ಲಿನ್ ಕಚೇರಿಯ ಮುಖ್ಯಸ್ಥೆ ಸಿಗ್ರಿಡ್ ಶುಲ್ಟ್ಸ್ 1941ರವರೆಗೆ ಅಲ್ಲಿದ್ದರು. ತೀರಾ ಅಪಾಯದ ವರದಿಗಳನ್ನು ಜಾನ್ ಡಿಕ್ಸನ್ ಎಂಬ ಗಂಡುಹೆಸರಿನಲ್ಲಿ, ಬೇರೆ ದೇಶದ ಊರಿನಿಂದ ಬಂದಂತೆ ಕಾಣುವ ಹಾಗೆ ಪ್ರಕಟಿಸಿದರು. ಗೂಢಚರ್ಯೆಯ ಆರೋಪ ಹೊರಿಸಲು ಯಾರೋ ಅವರ ಮನೆಗೆ ತಂದು ಕೊಟ್ಟ ವಿಮಾನ ಯಂತ್ರದ ನಕ್ಷೆಗಳನ್ನು ಕೂಡಲೇ ಒಲೆಗೆ ಹಾಕಿ ಸುಟ್ಟರು. ಊರು, ಹೆಸರು, ಕಾಗದ: ಮೂರನ್ನೂ ಅವರು ಕಾದುಕೊಂಡ ರೀತಿಯನ್ನು ನಾನು ಓದಿದ್ದೆ, ಆದರೂ ನನ್ನ ಕೈಯಿಂದ ತಪ್ಪಾಯಿತು.

ಒಂದು ಔಷಧಿ ಅಂಗಡಿಯ ಹೆಂಗಸು, ಸರಕು ಬಂದ ದಿನವೇ ಅರ್ಧದಷ್ಟು ಬೇರೆಡೆಗೆ ಹೋಗುವುದನ್ನು ನನಗೆ ಹೇಳಿದ್ದಳು. ವರದಿಯಲ್ಲಿ ಅವಳ ಹೆಸರಿಲ್ಲ, ಬೀದಿಯಿಲ್ಲ, ವಯಸ್ಸಿಲ್ಲ. ಆದರೆ ಓದುವವರ ಕಣ್ಣಿಗೆ ಕಟ್ಟಲಿ ಎಂದು, ಅವಳ ಮೇಜಿನ ಬಿರುಕುಬಿಟ್ಟ ಗಾಜಿಗೆ ಹಳೆಯ ಕ್ಯಾಲೆಂಡರಿನ ಪಟ್ಟಿ ಅಂಟಿಸಿದ್ದನ್ನು, ಅದರಲ್ಲಿ ಅರ್ಧ ಉಳಿದಿದ್ದ ಹಳದಿ ಹೂವನ್ನು ಬರೆದೆ. ಸಂಪಾದಕರಿಗೆ ಆ ಸಾಲು ಬಹಳ ಹಿಡಿಸಿತ್ತು. ವರದಿ ಬಂದ ನಾಲ್ಕನೆಯ ದಿನ ಹೋಗಿ ನೋಡಿದರೆ ಹೊಸ ಗಾಜು, ಹಿಂದೆ ಬೇರೊಬ್ಬ ಹೆಂಗಸು. ಮೊದಲಿನವಳು ಎಲ್ಲಿ ಎಂದು ಕೇಳುವುದೂ ಅವಳಿಗೆ ಇನ್ನಷ್ಟು ಕೇಡು ಮಾಡಿದಂತೆ ಎಂದು ಸಹಾಯಕಿ ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು.

ಅಂದಿನಿಂದ ಪ್ರತಿ ವರದಿಯನ್ನೂ ಕಳಿಸುವ ಮೊದಲು ಸಹಾಯಕಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ, ಮನೆಯಲ್ಲಲ್ಲ, ಟ್ರಾಮಿನ ಸದ್ದಿರುವ ಕೂಡುರಸ್ತೆಯಲ್ಲಿ ನಡೆಯುತ್ತ. ಹಿಡಿಯಲು ಬರುವವನ ಕಣ್ಣಿನಿಂದ ಅವಳು ಕೇಳಬೇಕು, ಬೆರಳೆತ್ತಿದಲ್ಲೆಲ್ಲ ನಾನು ಆ ಸಾಲನ್ನು ಚರ್ಚೆಯಿಲ್ಲದೆ ಹೊಡೆದು ಹಾಕಬೇಕು ಎಂಬುದು ನಮ್ಮ ಒಪ್ಪಂದ. ಹೂವು, ಬಟ್ಟೆಯ ಬಣ್ಣ, ಕಿಟಕಿಯಿಂದ ಕಾಣುವ ಚಿಮಣಿ, ಕೊನೆಗೆ ಒಬ್ಬ ಮುದುಕನ ಗಾದೆಮಾತು ಕೂಡ ಹೋಯಿತು; ಆ ಗಾದೆ ಒಂದೇ ಕಣಿವೆಯ ಜನ ಆಡುವಂಥದಂತೆ. ನನ್ನ ವರದಿಗಳು ಸಪ್ಪೆಯಾಗುತ್ತಿವೆ ಎಂದು ಸಂಪಾದಕರು ಎರಡು ಬಾರಿ ಬರೆದರು. ಎರಡು ಬಾರಿಯೂ ನಾನು ಉತ್ತರಿಸಲಿಲ್ಲ.

ನನ್ನನ್ನು ಯಾರೂ ಹೊರಹಾಕಲಿಲ್ಲ, ವೀಸಾದ ಅವಧಿ ಮುಗಿಯಿತು, ಮತ್ತೆ ಕೊಡಲಿಲ್ಲ ಅಷ್ಟೆ. ಹೊರಡುವ ದಿನ ಸಹಾಯಕಿಗೆ ಶಿರಸಿಯ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಅವಳು ಎರಡು ಸಲ ಓದಿಕೊಂಡಳು, ಕಣ್ಣು ಮುಚ್ಚಿ ತುಟಿಯಲ್ಲೇ ಮಣಮಣಿಸಿದಳು, "ಸಿರ್ಸಿ" ಎಂಬುದನ್ನು ಒಮ್ಮೆ ನನ್ನಿಂದ ಹೇಳಿಸಿಕೊಂಡು ಉಚ್ಚಾರ ಸರಿಮಾಡಿಕೊಂಡಳು. ಆಮೇಲೆ ಚೀಟಿಯನ್ನು ನಾಲ್ಕಾಗಿ ಮಡಚಿ ನನ್ನ ಕೈಗೇ ವಾಪಸು ಕೊಟ್ಟಳು.