ನಿಂತಲ್ಲೇ ವಾಸಿಯಾಗುವ ಜೋಡಿ

ಬಳ್ಳಾರಿ ಬಿಸಿಲು ನನ್ನ ಆಟಕ್ಕೂ ಉಪಯೋಗಕ್ಕೆ ಬಂತು. ನನ್ನದು ಕೈಯಲ್ಲಿ ಹಿಡಿದು ವಿಡಿಯೋ ಗೇಮ್ ಆಡುವ ಹಳೇ ಗೇಮ್ ಬಾಯ್ ಅಡ್ವಾನ್ಸ್, ಪರದೆಗೆ ಒಳಬೆಳಕಿಲ್ಲ. ಆಟವೋ 2001ರ ಕ್ಯಾಸಲ್‌ವೇನಿಯಾ: ಸರ್ಕಲ್ ಆಫ್ ದ ಮೂನ್. ಮೊದಲೇ ಕತ್ತಲ ಕೋಟೆ. ಮನೆಯೊಳಗೆ ಕೂತರೆ ನಾಯಕ ನೇಥನ್ ಎಲ್ಲಿ, ದೆವ್ವ ಎಲ್ಲಿ ಒಂದೂ ಕಾಣುವುದಿಲ್ಲ. ಹಾಗಾಗಿ ಬೆಳಿಗ್ಗೆ ಏಳಕ್ಕೆ ಮಾಳಿಗೆ ಹತ್ತುತ್ತಿದ್ದೆ. ಒಂಬತ್ತಕ್ಕೆ ತಲೆ ಕಾಯುತ್ತದೆ, ಇಳಿಯಲೇಬೇಕು.

ಈ ಆಟದ ಮಂತ್ರವೆಲ್ಲ ಕಾರ್ಡಿನಲ್ಲಿದೆ. 10 ಕಾರ್ಡಿಗೆ ರೋಮನ್ ದೇವರ ಹೆಸರು, ಮಂತ್ರದ ಕೆಲಸ ಏನು ಅನ್ನುವುದು ಇವುಗಳ ಕೈಲಿ. ಇನ್ನು 10 ವಿಚಿತ್ರ ಜೀವಿಗಳವು, ಬೆಂಕಿಯೋ ಹಿಮವೋ ಅನ್ನುವ ಗುಣ ಇವುಗಳದ್ದು. ಎರಡೂ ಕಡೆಯಿಂದ ಒಂದೊಂದು ಆರಿಸಿ ಎಲ್ ಬಟನ್ ಒತ್ತಬೇಕು. ಒಟ್ಟು 100 ಜೋಡಿ. ಮರ್ಕ್ಯುರಿ ಜೊತೆ ಸಲಮಾಂಡರ್ ಇಟ್ಟರೆ ನೇಥನ್ ಕೈಯ ಚಾಟಿಗೆ ಬೆಂಕಿ ಹತ್ತುತ್ತದೆ. ಅದೇ ಸಲಮಾಂಡರನ್ನು ಡಯಾನಾ ಜೊತೆ ಇಟ್ಟರೆ ಬೆಂಕಿ ಉಂಡೆ ಹಾರುತ್ತದೆ.

ನಾನು ಬಹಳ ದಿನ ಬೆಂಕಿ ಚಾಟಿಯನ್ನೇ ನಂಬಿದ್ದೆ. ಜೋರಾಗಿ ಹೊಡೆದರೆ ಸಾಕು ಅಂದುಕೊಂಡಿದ್ದೆ. ಆದರೆ ಪ್ರತಿ ಸಲ ಬಾಸ್ ಅನ್ನುವ ದೊಡ್ಡ ಶತ್ರುವಿನ ಎದುರು ಹೋಗುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತಿತ್ತು. ಈ ಆಟದಲ್ಲಿ ಅಂಗಡಿ ಬೇರೆ ಇಲ್ಲ, ಔಷಧಿ ಕೊಳ್ಳೋಣ ಅಂದರೆ.

ಬೇಕಿದ್ದದ್ದು ಜ್ಯೂಪಿಟರ್ ಮತ್ತು ಮ್ಯಾಂಡ್ರಗೋರಾ. ಈ ಜೋಡಿ ಹಚ್ಚಿ ಅಲ್ಲಾಡದೆ ನಿಂತರೆ ಜೀವ ಮೆಲ್ಲಗೆ ತುಂಬುತ್ತದೆ. ಜ್ಯೂಪಿಟರ್ ಇತ್ತು, ಮ್ಯಾಂಡ್ರಗೋರಾ ಇರಲಿಲ್ಲ. ಕಾರ್ಡುಗಳನ್ನು ಬೀಳಿಸುವುದು ಇಂತಿಂಥ ಶತ್ರುಗಳೇ, ಅದೂ ಅಪರೂಪಕ್ಕೆ. ಕೊಂದೆ, ಕೋಣೆ ಬಿಟ್ಟು ಹೊರಗೆ ಹೋದೆ, ವಾಪಸ್ ಬಂದೆ, ಮತ್ತೆ ಕೊಂದೆ. ನಾಲ್ಕು ಬೆಳಿಗ್ಗೆ ಹೀಗೇ ಹೋಯಿತು.

"ಸುಮ್ನೆ ಯಾಕ ಒದ್ದಾಡ್ತಿ ಮಾಮ?" ಅಂದ ಅಕ್ಕನ ಮಗ. ಆಟದಲ್ಲಿ ಒಂದು ಲೋಪ ಇದೆಯಂತೆ. ಇರುವ ಜೋಡಿ ಹಚ್ಚಬೇಕು, ನೇಥನ್ ಮೈ ಹೊಳೆಯುವ ಆ ಚೂರು ಹೊತ್ತಿನಲ್ಲಿ ಮೆನು ತೆಗೆದು ಇಲ್ಲದ ಜೋಡಿಗೆ ಜಾರಬೇಕು. ಹತ್ತು ಸಲ ಕೈ ತಪ್ಪಿತು, ಹನ್ನೊಂದನೇ ಸಲ ಆಯಿತು. ಮೋಸ ಅಲ್ವಾ ಅಂದರೆ, ಹೌದು. ಆದರೆ ನಾಲ್ಕು ದಿನ ಮಾಳಿಗೆ ಮೇಲೆ ಬೆಂದವನಿಗೆ ನಾಚಿಕೆ ಆಗಲಿಲ್ಲ.

ಆಮೇಲೆ ನನ್ನ ಕ್ರಮ ಇಷ್ಟೇ. ಬಾಸ್ ಬಾಗಿಲಿಗೆ ಮುಂಚೆ ಸಿಗುವ ಕೋಣೆ ಪೂರ್ತಿ ಖಾಲಿ ಮಾಡುವುದು. ಮೂಲೆಯಲ್ಲಿ ನಿಂತು ಜೋಡಿ ಹಚ್ಚುವುದು. ಮಂತ್ರಶಕ್ತಿ ತೋರಿಸುವ ಪಟ್ಟಿ ಇಳಿದರೆ ಜೋಡಿ ನಿಲ್ಲಿಸುವುದು, ಪಟ್ಟಿ ತಾನಾಗಿ ತುಂಬುತ್ತದೆ. ಅಷ್ಟರಲ್ಲಿ ಕೆಳಗಿಂದ ಒಗ್ಗರಣೆ-ಮಿರ್ಚಿ ಬಂದಿರುತ್ತದೆ, ತಿನ್ನುವುದು. ಎಣ್ಣೆ ಕೈ ಒರೆಸಿಕೊಂಡು, ಬೆಂಕಿ ಚಾಟಿಗೆ ಬದಲಾಯಿಸಿ, ಒಳಗೆ ನುಗ್ಗುವುದು. ಹೊಡೆದಾಟದ ನಡುವೆ ಈ ಜೋಡಿ ನಂಬಬೇಡಿ. ಅಲ್ಲಿ ನಿಂತರೆ ಸತ್ತಿರಿ.

ನಿಜವಾದ ಮ್ಯಾಂಡ್ರಗೋರಾ ಕಾರ್ಡು ಹುಡುಕುವುದು ಬಿಟ್ಟ ಮೇಲೆ ಬಿತ್ತು!

ಒಮ್ಮೆ ಆಟ ಮುಗಿಸಿದರೆ, ಹೊಸ ಆಟಕ್ಕೆ ಇಂಗ್ಲಿಷಿನಲ್ಲಿ ಫೈರ್‌ಬಾಲ್ ಅಂತ ಹೆಸರು ಕೊಡಬಹುದು. ಆಗ 20 ಕಾರ್ಡೂ ಮೊದಲೇ ಕೈಯಲ್ಲಿರುತ್ತವೆ. ಈಗ ಅಳಿಯ ಮಾಳಿಗೆ ಮೇಲೆ ಯುರೇನಸ್ ಕಾರ್ಡು ಹಿಡಿದು ಒಂದೊಂದೇ ಭೂತ ಕರೆಯುತ್ತಾ ಕೂತಿದ್ದಾನೆ. ನಾನು ಕೆಳಗೆ, ಫ್ಯಾನಿನಡಿ.