ಹಾಸಿನ ಮೇಲೆ ಆರು ಉಬ್ಬು ಗಿಳಿಗಳು: ನನ್ನ ಕ್ರೋಶಾ ಅನುಭವ

ಕ್ರೋಶಾ ಹಾಸಿನ ಮೇಲೆ ಉಬ್ಬು ಹಕ್ಕಿ ಕೂರಿಸಿದರೆ ಮೊದಲ ಒಗೆತಕ್ಕೇ ಚಪ್ಪಟೆಯಾಗುತ್ತದೆ ಎಂದವರೇ ಹೆಚ್ಚು. ನನ್ನ ಆರು ಗಿಳಿಗಳ, ಹತ್ತಿಂಚಿನ ದುಂಡು ಹಾಸು ಏಳೆಂಟು ಸಲ ನೀರು ಕಂಡಿದೆ, ಒಂದರ ಬೆನ್ನೂ ಕುಸಿದಿಲ್ಲ. ಬೇರೆಯಾಗಿ ಹತ್ತಿ ತುಂಬಿ ಆಮೇಲೆ ಹೊಲಿದ ಗಿಳಿಗಳಲ್ಲ ಇವು, ಹಾಸಿನ ಸುತ್ತುಗಳೊಂದಿಗೇ ಸೇರಿಸಿ ಹಾಕಿದ್ದು. ಸೂಜಿ ಹಿಡಿದದ್ದು ಕಣ್ಣಿಗೆ ಮತ್ತು ದಾರದ ತುದಿ ಅಡಗಿಸಲು ಮಾತ್ರ.

ದಾರ 20ನೇ ನಂಬರಿನ ಮರ್ಸರೈಸ್ಡ್ ಕಾಟನ್, ಅಂದರೆ ಹೊಳಪು ಬರಿಸಿದ ಹತ್ತಿ ದಾರ. 20 ಗ್ರಾಮಿನ ಉಂಡೆಗಳಲ್ಲಿ ಕೆನೆಬಣ್ಣ ಎರಡು, ಗಿಳಿಹಸಿರು ಒಂದು, ಕೊಕ್ಕಿಗೆ ಸ್ವಲ್ಪ ಕೆಂಪು. ಹಾಸಿಗೆ 1.25 ಮಿ.ಮೀ. ಕ್ರೋಶಾ ಕಡ್ಡಿ, ಗಿಳಿಗೆ 1.0. ನಾನು ಹೇಳುವ ಸಿಂಗಲ್, ಡಬಲ್ ಎಂಬ ಸ್ಟಿಚ್ಚಿನ ಹೆಸರುಗಳು ಅಮೆರಿಕದ ಲೆಕ್ಕ. ಬ್ರಿಟಿಷ್ ಹೆಸರು ಬಳಸುವವರು ಸಿಂಗಲ್ ಅಂದರೆ ಡಬಲ್, ಡಬಲ್ ಅಂದರೆ ಟ್ರೆಬಲ್ ಎಂದು ಓದಿಕೊಳ್ಳಿ.

ನಡುವಿನ ಚಕ್ರ ಎಲ್ಲರಿಗೂ ಗೊತ್ತಿರುವುದೇ: 12 ಡಬಲ್‌ನಿಂದ ಶುರು, ಸುತ್ತಿಗೆ 12 ಹೆಚ್ಚಿಸುತ್ತ 9ನೇ ಸುತ್ತಿಗೆ 108. ಒಂದೊಂದು ಗಿಳಿಗೆ 18 ಸ್ಟಿಚ್ ಜಾಗ. ಮೊದಲು ಆರನೇ ಸುತ್ತಿನಲ್ಲೇ ಗಿಳಿ ಕೂರಿಸಲು ಹೋಗಿ, ಒಂದರ ಬಾಲ ಇನ್ನೊಂದರ ತಲೆಯ ಮೇಲೆ ಬಿದ್ದು ಎಲ್ಲ ಬಿಚ್ಚಬೇಕಾಯಿತು.

ಗಿಳಿಯ ಮೈ: 7 ಚೈನ್. ಕಡ್ಡಿಯ ಕಡೆಯಿಂದ ಎರಡನೆಯದರಲ್ಲಿ ಶುರುಮಾಡಿ 5 ಸಿಂಗಲ್, ಕೊನೆಯದರಲ್ಲಿ 3, ತಿರುಗಿ ಇನ್ನೊಂದು ಬದಿಯಲ್ಲಿ 4, ತುದಿಯಲ್ಲಿ 2, ಒಟ್ಟು 14. ಮುಂದಿನ ಸುತ್ತುಗಳಲ್ಲಿ ಎರಡೂ ತುದಿಗೆ ಮೂರು ಮೂರು ಹೆಚ್ಚಿಸಿ 20, 26, 32. ಆಮೇಲೆ ಹೆಚ್ಚಿಸದೆ ಮೂರು ಸುತ್ತು. ತೆಂಗಿನ ಚಿಪ್ಪನ್ನು ಬೋರಲು ಹಾಕಿದಂಥ ಆಕಾರ ಬರುತ್ತದೆ, ಉದ್ದ ಎರಡೂವರೆ ಸೆಂ.ಮೀ. ಆಸುಪಾಸು. ಮೂರನೇ ಸುತ್ತನ್ನು, ಸ್ಟಿಚ್ಚಿನ ತಲೆಯ ಮೇಲೆ ಕಾಣುವ ಎರಡು ಎಳೆಗಳಲ್ಲಿ ಹಿಂದಿನ ಎಳೆಯಲ್ಲಷ್ಟೇ (ಹಿಂದಿನ ಲೂಪು) ಹಾಕಿ. ಬಿಟ್ಟ ಮುಂದಿನ ಲೂಪುಗಳಲ್ಲಿ ಆರರ ಮೇಲೆ ಸ್ಲಿಪ್, ಸಿಂಗಲ್, ಹಾಫ್ ಡಬಲ್, ಎರಡು ಡಬಲ್, ಒಂದು ಟ್ರೆಬಲ್ ಹಾಕಿ ಪಿಕಾಟ್‌ನಿಂದ (ಚೈನ್‌ನ ಪುಟ್ಟ ಮೊನೆ) ಮುಗಿಸಿದರೆ ರೆಕ್ಕೆ. ಗಿಳಿ ಪಕ್ಕಕ್ಕೆ ಕೂತಿರುವುದರಿಂದ ಒಂದೇ ರೆಕ್ಕೆ ಸಾಕು. ಹುರುಪೆಯಂತೆ ಒಂದರ ಮೇಲೊಂದು ಬೀಳುವ ಮೊಸಳೆ ಸ್ಟಿಚ್ಚಿನಲ್ಲೂ ಹಾಕಿ ನೋಡಿದೆ, ನೋಡಲು ಬಲು ಚೆಂದ. ಆದರೆ ರೆಕ್ಕೆ ದಪ್ಪಗಾಗಿ ಗಿಳಿ ಮುಂದಕ್ಕೆ ವಾಲಿತು. ಶಾಲಿನ ಅಂಚಿಗೆ ಅದನ್ನು ಎತ್ತಿಟ್ಟಿದ್ದೇನೆ.

ಇನ್ನು ಜೋಡಣೆ. ನನ್ನ ಮೂರು ಹಾಸು ಹಾಳಾದದ್ದು ಇಲ್ಲೇ. ಹತ್ತನೇ ಸುತ್ತಿನಲ್ಲಿ ಗಿಳಿಯ ಹೊಟ್ಟೆಯ ಅಂಚನ್ನೂ ಹಾಸಿನ ಸ್ಟಿಚ್ಚನ್ನೂ ಒಟ್ಟಿಗೆ ಚುಚ್ಚಿ ಡಬಲ್ ಹಾಕಬೇಕು. ಒಂದಕ್ಕೆ ಒಂದರಂತೆ ಹಾಕಿದಾಗೆಲ್ಲ ಗಿಳಿ ಚಪ್ಪಟೆಯಾಯಿತು. ಕಾರಣ ಅಳತೆ ಹಿಡಿದ ಮೇಲೆ ತಿಳಿಯಿತು: 1.25ರ ಕಡ್ಡಿಯ ಡಬಲ್ ಎರಡೂವರೆ ಮಿ.ಮೀ. ಅಗಲ, 1.0ರ ಸಿಂಗಲ್ ಎರಡೇ. ಹಾಸು ಗಿಳಿಯ ಅಂಚನ್ನು ಎಳೆದು ಅಗಲಿಸುತ್ತಿತ್ತು. ಈಗ ಗಿಳಿಯ 9 ಸ್ಟಿಚ್ಚಿಗೆ ಹಾಸಿನ 7 ಮಾತ್ರ. ಗಿಳಿಯ ಕಡೆ ಮೂರನೆಯದನ್ನೂ ಏಳನೆಯದನ್ನೂ ಬಿಡುತ್ತೇನೆ. ಆ ಸುತ್ತಿನ ಹೆಚ್ಚಳವೆಲ್ಲ ಗಿಳಿಗಳ ನಡುವಿನ ಜಾಗದಲ್ಲೇ ಬರಬೇಕು. ಹನ್ನೊಂದನೆಯದರಲ್ಲಿ ಗಿಳಿಯ ಹಿಂದೆ ಬರೀ ಚೈನ್ ಬಲೆ. ಬೆನ್ನಿನ 5 ಸ್ಟಿಚ್ಚನ್ನು ಹನ್ನೆರಡನೇ ಸುತ್ತಿಗೇ ಹಿಡಿಯಬೇಕು. ಹದಿಮೂರಕ್ಕೆ ಬಿಟ್ಟರೆ ಮೈ ಪೂರ್ತಿ ಹರಡಿಕೊಳ್ಳುತ್ತದೆ, ಒಂದು ಸುತ್ತು ಮೊದಲೇ ಹಿಡಿದರೆ ಬಿಲ್ಲಿನಂತೆ ಬಾಗುತ್ತದೆ. ಎದೆಯ ಕಡೆ, ಬಾಲದ ಕಡೆ ಜೋಡಿಸಬೇಡಿ. ಅಲ್ಲಿ ತೆರೆದಿದ್ದರೇ ಹಾಸನ್ನು ಪಿನ್ ಹಾಕಿ ಎಳೆದು ಒಣಗಿಸುವಾಗ ಉಬ್ಬು ಉಳಿಯುತ್ತದೆ.

ತಲೆ 6, 12, 15 ಸ್ಟಿಚ್ಚಿನ ಸುತ್ತುಗಳ ಪುಟ್ಟ ಉಂಡೆ. ಒಳಗೆ ಅದೇ ಹಸಿರು ದಾರದ ಚೂರು ತುಂಬುತ್ತೇನೆ, ಬಿಳಿ ಹತ್ತಿ ಸಂದಿಯಲ್ಲಿ ಇಣುಕುತ್ತದೆ. ಕೊನೆಯ 6 ಸ್ಟಿಚ್ಚನ್ನು ಮೈಗೆ ಸಿಂಗಲ್‌ನಲ್ಲೇ ಸೇರಿಸಿ. ಕೊಕ್ಕಿಗೆ 4 ಚೈನ್, ಅದರ ಮೇಲೆ ಸ್ಲಿಪ್, ಸಿಂಗಲ್, ಹಾಫ್ ಡಬಲ್. ದಾರ ಬಿಗಿಯಾಗಿ ಎಳೆದರೆ ತಾನೇ ಬಾಗುತ್ತದೆ. ಕಣ್ಣಿಗೆ ಮಣಿ ಬೇಡ, ಒಗೆಯುವಾಗ ದಾರಕ್ಕೆ ಸಿಕ್ಕಿಕೊಳ್ಳುತ್ತದೆ. ಕಪ್ಪು ದಾರದ ಒಂದು ಗಂಟು ಸಾಕು. ಉದ್ದ ಬಾಲ ಜೋತು ಬೀಳದಂತೆ ನಿಲ್ಲಿಸುವ ಉಪಾಯ ಮಾತ್ರ ನನ್ನ ಹತ್ತಿರವೇ ಇರಲಿ. ತಂತಿ ಅಲ್ಲ, ತಂತಿ ತುಕ್ಕು ಹಿಡಿದು ದಾರಕ್ಕೆ ಕಲೆ ಹತ್ತಿಸುತ್ತದೆ.

ಕೆಂಪು ದಾರವನ್ನು ಪರೀಕ್ಷಿಸದೆ ಹಾಕಬೇಡಿ. ಚೂರನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿಟ್ಟು ಇಸ್ತ್ರಿ ಒತ್ತಿ ನೋಡಿ. ಅಗ್ಗದ ಒಂದು ಉಂಡೆ ಸುಮಾರು 35 ಗಂಟೆಯ ಕೆಲಸವನ್ನು ಗುಲಾಬಿ ಮಾಡಿಟ್ಟಿತು. ಉಪ್ಪು, ವಿನೆಗರ್ ಯಾವುದಕ್ಕೂ ಅದು ಬಗ್ಗಲಿಲ್ಲ.

ಗಂಜಿಗೆ ಸಬ್ಬಕ್ಕಿಯೇ ಸೈ: ಒಂದು ಲೋಟ ನೀರಿಗೆ ಒಂದು ಚಮಚ, ಕುದಿಸಿ ಸೋಸಿ. ಸಕ್ಕರೆ ಪಾಕ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಇರುವೆ ಮುತ್ತುತ್ತವೆ. ಒಣಗುವವರೆಗೆ ಗಿಳಿಯ ಹೊಟ್ಟೆಯೊಳಗೆ ಏನಾದರೂ ಇಡಲೇಬೇಕು. ಆಕಾರ ಸರಿಹೊಂದುತ್ತದೆಂದು ಸಣ್ಣ ಅಡಿಕೆ ಇಟ್ಟೆ. ಅದರ ಚೊಗರು ಹತ್ತಿ ಹಿಂದಿನ ಬಲೆಯೆಲ್ಲ ಕಂದು. ಈಗ ತೊಳೆದ ಹಾಲಿನ ಪ್ಯಾಕೆಟ್ಟಿನ ತುಂಡನ್ನು ಮುದ್ದೆ ಮಾಡಿ ಬಾಲದ ಕಡೆಯಿಂದ ತುರುಕುತ್ತೇನೆ, ಒಣಗಿದ ಮೇಲೆ ಚಿಮಟದಲ್ಲಿ ಎಳೆದರೆ ಬರುತ್ತದೆ. ಮಳೆಗಾಲದಲ್ಲಿ ಗಂಜಿ ಹಾಕಲೇಬೇಡಿ, ಬೂಷ್ಟು ಹಿಡಿಯುತ್ತದೆ.

ಹತ್ತಿಂಚಿನ ಹಾಸಿಗೆ ದಾರದ ಖರ್ಚು ಮುನ್ನೂರೈವತ್ತರ ಆಸುಪಾಸು. ಹಾಳಾದ ಮೂರನ್ನೂ ಸೇರಿಸಿದರೆ ಕಲಿಯಲು ಸಾವಿರದ ಮೇಲೆ ಹೋಯಿತು. ಮೊದಲು ಕೇಳಿದವರು ಕಟ್ಟಿದ ಬೆಲೆ 300, ಕೊಡಲಿಲ್ಲ. ಈಗ 1,800ಕ್ಕೆ ಕಡಿಮೆ ಇಲ್ಲ, ಅದೂ ಅರ್ಧ ಹಣ ಮುಂಗಡ ಬಂದ ಮೇಲೆಯೇ ಕಡ್ಡಿ ಹಿಡಿಯುವುದು. ಇದೇ ಲೆಕ್ಕದಲ್ಲಿ ಗುಬ್ಬಿ ಹಾಕಲು ಶುರುಮಾಡಿದ್ದೇನೆ. ಗುಬ್ಬಿಯ ಮೈ ಗಿಡ್ಡ, ಆದ್ದರಿಂದ 7 ಚೈನ್ ಬದಲು 5, ಜೋಡಣೆಗೆ ಗುಬ್ಬಿಯ 7 ಸ್ಟಿಚ್ಚಿಗೆ ಹಾಸಿನ 5.