ಆಟಿಯ ಮಳೆಗೂ ಸುಮ್ಮನಿದ್ದ ಮರದ ನೆಲ

ಬದಿಯಡ್ಕದ ಹತ್ತಿರ ನಮ್ಮ ಮನೆ. ಕೆಳಗೆ ಕಾವಿ ನೆಲ, ಮಹಡಿಯಲ್ಲಿ ಟೈಲ್ಸ್. ಮಗಳು ನೆಲದಲ್ಲೇ ಕೂತು ಓದುವವಳು. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ಟೈಲ್ಸ್ ತಣ್ಣಗೆ ಕೊರೆಯುತ್ತದೆ, ಚಾಪೆ ಹಾಸಿದರೆ ಮುಗ್ಗಲು ವಾಸನೆ.

ಮಹಡಿಗೆ ಮರದ ನೆಲ ಹಾಕೋಣ ಅಂದೆ. ಅಪ್ಪ ನಕ್ಕರು. ಹಳೆ ಮನೆಯ ಉಪ್ಪರಿಗೆಗೆ ಹಲಸಿನ ಹಲಗೆ ಇತ್ತು. ಮಾರ್ಚಿನಲ್ಲಿ ಅದರ ಸಂದಿಯಿಂದ ಕೆಳಗಿನ ಅಡಿಕೆ ರಾಶಿ ಕಾಣುತ್ತಿತ್ತು, ಜುಲೈಯಲ್ಲಿ ಅದೇ ಸಂದಿಗೆ ಕಾಗದ ತೂರುತ್ತಿರಲಿಲ್ಲ!

ಎಂಜಿನಿಯರ್ಡ್ ವುಡ್ ಬೇರೆ ತರ. ನಾನು ತಂದದ್ದು 14 ಮಿಲಿಮೀಟರ್ ದಪ್ಪದ್ದು. ಮೇಲೆ 3 ಮಿಲಿಮೀಟರ್ ಓಕ್, ಅಡಿಯಲ್ಲಿ ಪ್ಲೈವುಡ್ ಪದರಗಳು. ಒಂದರ ಎಳೆ ಉದ್ದಕ್ಕೆ, ಮುಂದಿನದರದ್ದು ಅಡ್ಡಕ್ಕೆ. ಮರ ಹಿಗ್ಗುವುದು ಎಳೆಗೆ ಅಡ್ಡವಾಗಿ, ಉದ್ದಕ್ಕೆ ತೀರಾ ಕಡಿಮೆ. ಹಾಗಾಗಿ ಒಂದು ಪದರ ಹಿಗ್ಗಲು ಹೊರಟರೆ ಪಕ್ಕದ್ದು ಹಿಡಿದುಕೊಳ್ಳುತ್ತದೆ. ಅಂಗಡಿಯಲ್ಲಿ ಲ್ಯಾಮಿನೇಟನ್ನೂ ಮರದ ನೆಲ ಅಂತಲೇ ತೋರಿಸುತ್ತಾರೆ. ಅದರ ಮೇಲಿರುವುದು ಮರದ ಚಿತ್ರ ಅಷ್ಟೆ. ಹಲಗೆಯ ಅಂಚು ನೋಡಿದರೆ ಗೊತ್ತಾಗುತ್ತದೆ.

ಫೆಬ್ರವರಿಯಲ್ಲಿ ಕೆಲಸ ಹಿಡಿದೆವು. ಮೊದಲು ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಸುತ್ತಲೂ ಟೇಪ್ ಅಂಟಿಸಿ ಒಂದು ದಿನ ಬಿಟ್ಟೆ. ಅಡಿಯಲ್ಲಿ ನೀರ ಹನಿ ಇರಲಿಲ್ಲ. ಹಲಗೆಯ ಪೆಟ್ಟಿಗೆಗಳನ್ನು ಅದೇ ಕೋಣೆಯಲ್ಲಿ ಮೂರು ದಿನ ಇಟ್ಟೆ, ಅಲ್ಲಿನ ಹವೆಗೆ ಹೊಂದಲಿ ಅಂತ. ಆಮೇಲೆ ಟೈಲ್ಸ್ ಮೇಲೆಯೇ ಪಾಲಿಥೀನ್, ಅದರ ಮೇಲೆ ತೆಳು ಫೋಮ್. ಹಲಗೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಮೊಳೆ ಬೇಡ, ಅಂಟು ಬೇಡ. ಮೇಸ್ತ್ರಿ ಜೊತೆ ನಾನೂ ಕೂತೆ, ಎರಡು ದಿನದಲ್ಲಿ ಮುಗಿಯಿತು.

ತಪ್ಪು ಮಾಡಿದ್ದು ಬಾಗಿಲ ಹತ್ತಿರ. ಗೋಡೆಗಳ ಬದಿ 10 ಮಿಲಿಮೀಟರ್ ಜಾಗ ಬಿಟ್ಟಿದ್ದೆವು. ದಾರಂದಕ್ಕೆ ಮಾತ್ರ, ಚೆಂದ ಕಾಣಲಿ ಅಂತ, ಹಲಗೆ ತಾಗಿಸಿಬಿಟ್ಟೆ. ಹಿಗ್ಗುವುದು ಕಡಿಮೆ ಅಂದರೆ ಹಿಗ್ಗುವುದೇ ಇಲ್ಲ ಅಂತಲ್ಲ, ಅಲ್ವಾ? ಜುಲೈ ನಡುವಿಗೆ ಅಲ್ಲಿ ಸಣ್ಣ ದಿಬ್ಬ ಎದ್ದಿತು. ಕಾಲಿಟ್ಟರೆ ಕೆಳಗಿಳಿದು ಟಕ್ ಅನ್ನುತ್ತಿತ್ತು. ಅಂಚನ್ನು ಕೊಯ್ದು ಜಾಗ ಮಾಡಿ, ಮೇಲೊಂದು ಲೋಹದ ಪಟ್ಟಿ ಹಾಕಿದೆವು. ವಾರದಲ್ಲಿ ದಿಬ್ಬ ತಾನಾಗಿ ಇಳಿಯಿತು. ಉಳಿದ ನೆಲ ಮಳೆಗಾಲವಿಡೀ ಅಲುಗಲಿಲ್ಲ.

ಕೆಳಗಿನ ಕಾವಿ ನೆಲಕ್ಕೆ ಕೈ ಹಾಕಿಲ್ಲ. ಅಲ್ಲಿ ಮಳೆಗಾಲದಲ್ಲಿ ಅಡಿಯಿಂದಲೇ ತೇವ ಏರುತ್ತದೆ, ಗೆದ್ದಲಿನ ಕಾಟ ಬೇರೆ. ಮಹಡಿಯನ್ನೂ ಬಕೆಟ್ ನೀರು ಚೆಲ್ಲಿ ತೊಳೆಯುವಂತಿಲ್ಲ, ಗಟ್ಟಿ ಹಿಂಡಿದ ಬಟ್ಟೆಯಲ್ಲಿ ಒರೆಸಬೇಕು. ಕುರ್ಚಿ ಎಳೆದ ಗೆರೆ ಈಗಲೇ ಎರಡಿವೆ. ಓಕ್ ಪದರ 3 ಮಿಲಿಮೀಟರ್ ಇರುವುದರಿಂದ ಮುಂದೆ ಒಂದು ಸಲ ಉಜ್ಜಿ ಪಾಲಿಶ್ ಮಾಡಿಸಬಹುದು. ಸದ್ಯಕ್ಕೆ ಕುರ್ಚಿಯ ಕಾಲಿಗೆ ಮೆತ್ತನೆಯ ಫೆಲ್ಟ್ ಬಟ್ಟೆ ಅಂಟಿಸಿದ್ದೇನೆ.